ಹಳದಿಯಾದ ಪುಟ ಪುಡಿಯಾಗುವ ಮೊದಲು: ಹಳೇ ಪುಸ್ತಕದ ಹುಳಿ ತೆಗೆಯುವ ಕ್ರಮ

"ಪುಸ್ತಕ ಹಳದಿಯಾಗಿದೆ, ಅಂಚು ಮುಟ್ಟಿದರೆ ಉದುರುತ್ತೆ, ಏನು ಹಚ್ಚಬೇಕು?"

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ನನಗೆ ಬರುವ ಪ್ರಶ್ನೆ ಹೆಚ್ಚುಕಮ್ಮಿ ಇದೊಂದೇ. ಕೇಳುವವರು ಮಾತ್ರ ಬೇರೆ ಬೇರೆ. ಹಳ್ಳಿಯ ಅರಿವು ಕೇಂದ್ರದ (ಪಂಚಾಯಿತಿ ಲೈಬ್ರರಿಯ) ಮೇಲ್ವಿಚಾರಕರು, ಹೈಸ್ಕೂಲಿನ ಮೇಷ್ಟ್ರು, ತಿಪಟೂರಿನ ಕೊಬ್ಬರಿ ಮಂಡಿಯ ಲೆಕ್ಕದ ಪುಸ್ತಕ ಇಟ್ಟುಕೊಂಡ ಮನೆಯವರು, ಗುಬ್ಬಿ ಕಂಪನಿ ನಾಟಕದ ಹ್ಯಾಂಡ್‌ಬಿಲ್ ಜೋಪಾನ ಮಾಡಿದವರು, ಕೆಜಿಎಫ್‌ನಲ್ಲಿ ಅಜ್ಜನ ಕಾಲದ ಗಣಿ ಕಾಗದಗಳನ್ನು ಟ್ರಂಕಿನಲ್ಲಿ ಇಟ್ಟವರು. ಎಲ್ಲರಿಗೂ ಒಟ್ಟಿಗೆ ಉತ್ತರ ಕೊಡೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಬೇಕು. ಕಾಗದವನ್ನು ಹೀಗೆ ಕೆಡಿಸುವುದು ಅದರೊಳಗಿನ ಹುಳಿ, ಅಂದರೆ ಆಮ್ಲ. ಆ ಹುಳಿ ತೆಗೆದರೆ ಕಾಗದ ಹಾಳಾಗುವ ವೇಗ ಕಡಿಮೆಯಾಗುತ್ತದೆ. ಆಗಲೇ ಹೋದ ಕಸುವು ವಾಪಸ್ ಬರುವುದಿಲ್ಲ. ಹಪ್ಪಳದ ಹಾಗೆ ಮುರಿಯುವ ಪುಟಕ್ಕೆ ಏನು ಹಾಕಿದರೂ ಅದು ಮತ್ತೆ ಬಾಗುವುದಿಲ್ಲ. ಹಾಗಾಗಿ ಈ ಕೆಲಸ ಆಗಬೇಕಾದ್ದು ಹಳದಿಯಾಗಿದ್ದರೂ ಇನ್ನೂ ಬಾಗುತ್ತಿರುವ ಪುಸ್ತಕಕ್ಕೆ. ನಮ್ಮಲ್ಲಿ ನಡೆಯುವುದು ತಿರುಗಾಮುರುಗಾ. ಪುಡಿಯಾಗುವ ತನಕ ಕಪಾಟಿನಲ್ಲಿ ಬಿಟ್ಟು, ಆಮೇಲೆ ಓಡಾಡುತ್ತೇವೆ.

ಕಾಗದ ಹುಳಿಯಾಗುವುದು ಹೇಗೆ

ಕಾಗದದ ಕಸುವೆಲ್ಲ ಅದರ ನಾರಿನಲ್ಲಿದೆ. ಆ ನಾರು ಸೆಲ್ಯುಲೋಸ್ ಅನ್ನುವ ಉದ್ದನೆಯ ಸರಪಳಿ. ಹಿಂದೆ ಕೈಯಲ್ಲಿ ಮಾಡುತ್ತಿದ್ದ ಕಾಗದಕ್ಕೆ ಚಿಂದಿ ಬಟ್ಟೆಯ ನಾರು ಬಳಸುತ್ತಿದ್ದರು. ಸರಪಳಿ ಉದ್ದ ಇರುತ್ತಿತ್ತು, ಕಾಗದ ಗಟ್ಟಿ ಇರುತ್ತಿತ್ತು. 19ನೇ ಶತಮಾನದ ನಡುಭಾಗದಿಂದ ಮರದ ತಿರುಳಿನ ಕಾಗದ ಬಂತು. ಶಾಯಿ ಹರಡದೆ ನಿಲ್ಲಲಿ ಅಂತ ಅದಕ್ಕೆ ರಾಳ ಮತ್ತು ಆಲಂ ಸೇರಿಸಿದರು. ಬಟ್ಟೆಗೆ ಗಂಜಿ ಹಾಕುತ್ತೇವಲ್ಲ, ಹಾಗೆ. ಇದಕ್ಕೆ ಸೈಜಿಂಗ್ ಅನ್ನುತ್ತಾರೆ. 1807ರಲ್ಲಿ ಜರ್ಮನಿಯ ಮೋರಿಟ್ಸ್ ಫ್ರೀಡ್ರಿಕ್ ಇಲಿಗ್ ಈ ದಾರಿ ತೋರಿಸಿದ. ಅಗ್ಗ, ಸುಲಭ, ಕಾರ್ಖಾನೆಗೆ ಹೇಳಿ ಮಾಡಿಸಿದ ಹಾಗಿತ್ತು.

ಕಾಗದದ ಕಾರ್ಖಾನೆಯ ಆಲಂ ಅಂದರೆ ಅಲ್ಯೂಮಿನಿಯಂ ಸಲ್ಫೇಟ್. ಗಾಳಿಯ ತೇವ ಸೇರಿದರೆ ಅದರಿಂದ ಆಮ್ಲ ಹುಟ್ಟುತ್ತದೆ. ಆಮ್ಲ ಸೆಲ್ಯುಲೋಸ್ ಸರಪಳಿಯನ್ನು ಅಲ್ಲಲ್ಲಿ ಕತ್ತರಿಸುತ್ತಾ ಹೋಗುತ್ತದೆ. ಸೆಕೆ ಜಾಸ್ತಿಯಾದಷ್ಟೂ ಬೇಗ ಕತ್ತರಿಸುತ್ತದೆ. ತಗಡಿನ ಶೀಟಿನ ಕೆಳಗಿನ ಅಟ್ಟದಲ್ಲಿಟ್ಟ ಪುಸ್ತಕ ನಡುಮನೆಯ ಕಪಾಟಿನ ಪುಸ್ತಕಕ್ಕಿಂತ ಮೊದಲು ಪುಡಿಯಾಗುವುದು ಇದಕ್ಕೇ. ನ್ಯೂಸ್‌ಪ್ರಿಂಟಿನಂಥ ಕಾಗದದಲ್ಲಿ ಲಿಗ್ನಿನ್ ಕೂಡ ಇರುತ್ತದೆ. ಲಿಗ್ನಿನ್ ಅಂದರೆ ಮರದ ನಾರುಗಳನ್ನು ಹಿಡಿದಿಡುವ ಅಂಟು. ಬಿಸಿಲಿಗೆ ಕಾಗದ ಕಂದಾಗುವುದು ಅದರಿಂದ.

ಅಮೆರಿಕದ ವರ್ಜೀನಿಯಾದಲ್ಲಿ ವಿಲಿಯಂ ಬ್ಯಾರೋ ಅನ್ನುವವರು 1950ರ ದಶಕದಲ್ಲಿ ಒಂದು ದೊಡ್ಡ ಪರೀಕ್ಷೆ ಮಾಡಿದರು. 1900ರಿಂದ 1949ರ ನಡುವೆ ಅಚ್ಚಾದ 500 ಪುಸ್ತಕ ತೆಗೆದುಕೊಂಡು ಅವುಗಳ ಕಸುವು ಅಳೆದರು. ಬಹುಪಾಲು ಪುಸ್ತಕಗಳು ಮುಂದಿನ 50 ವರ್ಷ ಬಾಳುವ ಸ್ಥಿತಿಯಲ್ಲಿ ಇರಲಿಲ್ಲ. ಅವರೇ ಸುಣ್ಣದ ನೀರಿನ ಎರಡು ಸ್ನಾನದ ವಿಧಾನವನ್ನು ರೂಢಿಗೆ ತಂದರು. ನಾನು ಕೆಳಗೆ ಹೇಳುವುದು ಅದೇ ವಿಧಾನ, ಸ್ವಲ್ಪ ಮೃದು ಮಾಡಿದ್ದು.

ಎರಡು ಪದ ತಿಳಿದುಕೊಳ್ಳಿ. ಒಂದು, ಪಿಎಚ್. ಹುಳಿ ಎಷ್ಟಿದೆ ಅಂತ ಹೇಳುವ ಅಂಕಿ. 7 ಅಂದರೆ ಸಮ. ಅದಕ್ಕಿಂತ ಕಡಿಮೆಯಾದರೆ ಹುಳಿ, ಅಂದರೆ ಆಮ್ಲ. ಹೆಚ್ಚಾದರೆ ಕ್ಷಾರ, ಸುಣ್ಣದ ಗುಣ. ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ. 5 ಇರುವ ಕಾಗದ 7 ಇರುವ ಕಾಗದಕ್ಕಿಂತ ನೂರು ಪಟ್ಟು ಹುಳಿ. ಇನ್ನೊಂದು, ಕ್ಷಾರದ ಮೀಸಲು. ಇವತ್ತಿನ ಹುಳಿ ತೆಗೆದರೆ ಸಾಲದು, ನಾಳೆ ಹುಟ್ಟುವ ಹುಳಿಯನ್ನು ತಿನ್ನಲು ಕಾಗದದ ಒಳಗೇ ಸ್ವಲ್ಪ ಸುಣ್ಣದ ಅಂಶ ಉಳಿದಿರಬೇಕು. ಬಹುಕಾಲ ಬಾಳುವ ಹೊಸ ಕಾಗದಕ್ಕೆ ಇರುವ ಐಎಸ್‌ಒ 9706 ಮಾನದಂಡದಲ್ಲಿ ಈ ಮೀಸಲು ಶೇ. 2ರಷ್ಟು ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ ಇರಬೇಕು ಅಂತಿದೆ.

ಹೊಂದಿಸಿಕೊಳ್ಳಬೇಕಾದ್ದು

ಪಿಎಚ್ ಪಟ್ಟಿ, ಡಿಸ್ಟಿಲ್ಡ್ ವಾಟರ್, ಲ್ಯಾಬಿಗೆ ಮಾರುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ (ಶುದ್ಧ ಸುಣ್ಣ) ಮತ್ತು ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ. ಫೋಟೋ ತೊಳೆಯಲು ಬಳಸುತ್ತಿದ್ದಂಥ ಚಪ್ಪಟೆ ಪ್ಲಾಸ್ಟಿಕ್ ಟ್ರೇ ಮೂರು. ಡೆಮಿ ಸೈಜಿನ ಪುಸ್ತಕದ ಜೋಡಿ ಹಾಳೆ ಬಿಚ್ಚಿದಾಗ ಸುಮಾರು ಎಂಟೂವರೆಗೆ ಹನ್ನೊಂದು ಇಂಚು ಬರುತ್ತದೆ, ಟ್ರೇ ಅದಕ್ಕಿಂತ ದೊಡ್ಡದಿರಲಿ. ನೇಯದ ಪಾಲಿಯೆಸ್ಟರ್ ಬಟ್ಟೆ (ಟೈಲರ್‌ಗಳು ಕಾಲರಿಗೆ ಹಾಕುವ ಕ್ಯಾನ್ವಾಸಿನ ಜಾತಿಯದು, ಆದರೆ ಅಂಟು ಇಲ್ಲದ್ದು), ಮೃದು ಬ್ರಷ್, ಬ್ಲಾಟಿಂಗ್ ಪೇಪರ್. ಕೈಗವಸು ಮತ್ತು ಕನ್ನಡಕ ಖಂಡಿತ ಬೇಕು. ಸುಣ್ಣದ ತಿಳಿನೀರಿನ ಪಿಎಚ್ 12 ದಾಟುತ್ತದೆ. ಕಣ್ಣಿಗೆ ಹಾರಿದರೆ ತಕ್ಷಣ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಬೇಕು. ಮಕ್ಕಳು ಓಡಾಡುವ ಜಾಗದಲ್ಲಿ ಈ ಕೆಲಸ ಬೇಡ.

ಇನ್ನು ಬಳಸಬಾರದ್ದು. ಇದರಲ್ಲೇ ಜಾಸ್ತಿ ಜನ ಎಡವುತ್ತಾರೆ.

ಎಲೆ ಅಡಿಕೆಯ ಸುಣ್ಣ, ಗೋಡೆಯ ಸುಣ್ಣ ಬೇಡ. ಅದರಲ್ಲಿ ಕಬ್ಬಿಣದ ಅಂಶ, ಮಣ್ಣು ಇರುತ್ತದೆ. ಕಬ್ಬಿಣ ಕಾಗದಕ್ಕೆ ಆಮ್ಲದಷ್ಟೇ ಶತ್ರು. ಸೀಮೆಸುಣ್ಣವೂ ಬೇಡ. ಹೆಸರಿನಲ್ಲಿ ಸುಣ್ಣ ಇದೆ, ಆದರೆ ನಮ್ಮ ಶಾಲೆಗಳ ಚಾಕ್‌ಪೀಸ್ ಸಾಮಾನ್ಯವಾಗಿ ಜಿಪ್ಸಂ. ಅದು ಆಮ್ಲವನ್ನು ತಿನ್ನುವುದಿಲ್ಲ. ಅಡುಗೆ ಸೋಡಾ ಹಾಕಿದರೆ ಆಗುತ್ತಾ ಅಂತ ತುಂಬ ಜನ ಕೇಳುತ್ತಾರೆ. ಬೇಡ. ಕಾಗದದೊಳಗೆ ಉಳಿಯಬೇಕಾದ್ದು ಕ್ಯಾಲ್ಸಿಯಂ ಅಥವಾ ಮೆಗ್ನೀಷಿಯಂ, ಸೋಡಿಯಂ ಅಲ್ಲ. ಮೆಡಿಕಲ್ ಶಾಪಿನ ಮಿಲ್ಕ್ ಆಫ್ ಮೆಗ್ನೀಷಿಯಾ ಹಚ್ಚುವ ಉಪಾಯವನ್ನೂ ಕೆಲವರು ಕೇಳಿರುತ್ತಾರೆ. ಅಂಥ ಬಾಟಲಿಗಳಲ್ಲಿ ಸಿಹಿ, ಬಣ್ಣ, ಕೆಲವದರಲ್ಲಿ ಲಿಕ್ವಿಡ್ ಪ್ಯಾರಾಫಿನ್ ಎಣ್ಣೆ ಇರುತ್ತದೆ. ಪುಟಕ್ಕೆ ಎಣ್ಣೆ ಹಚ್ಚಿದ ಹಾಗೆ ಆಗುತ್ತದೆ.

ಬೋರ್‌ವೆಲ್ ನೀರು ಬೇಡ. ನಮ್ಮ ಮೂರೂ ಜಿಲ್ಲೆಗಳ ನೀರು ಗಡಸು, ಎಷ್ಟೋ ಕಡೆ ಫ್ಲೋರೈಡ್ ಇದೆ, ಕಬ್ಬಿಣದ ಪೈಪಿನ ತುಕ್ಕೂ ಸೇರುತ್ತದೆ. ಊರಿನ ಶುದ್ಧ ನೀರಿನ ಘಟಕದ ನೀರನ್ನು ಟ್ರೇ ತೊಳೆಯಲು ಬಳಸಿಕೊಳ್ಳಿ.

ಹಂತ 1: ಆರಿಸುವುದು

ಎಲ್ಲ ಪುಸ್ತಕಕ್ಕೂ ಈ ಕೆಲಸ ಮಾಡಲು ಆಗುವುದಿಲ್ಲ. ಇನ್ನೂರು ಪುಟದ ಒಂದು ಪುಸ್ತಕಕ್ಕೆ ಇಬ್ಬರು ಕೂತರೂ ಮೂರು ದಿನ ಹಿಡಿಯುತ್ತದೆ. ರಾಜ್ಯದ ಎಲ್ಲ ಲೈಬ್ರರಿಯಲ್ಲೂ ಸಿಗುವ ಕಾದಂಬರಿಯ ಮೇಲೆ ಆ ಮೂರು ದಿನ ಹಾಕಬೇಡಿ. ನಿಮ್ಮ ಊರಿನಲ್ಲಿ ಮಾತ್ರ ಉಳಿದಿರುವುದನ್ನು ಹುಡುಕಿ. ಜಾತ್ರೆಯ ಕರಪತ್ರ, ಶಾಲೆಯ ಸ್ಮರಣ ಸಂಚಿಕೆ, ತಾಲ್ಲೂಕಿನ ಸಣ್ಣ ಪ್ರೆಸ್ಸಿನಲ್ಲಿ ಅಚ್ಚಾದ ಭಜನೆ ಪುಸ್ತಕ, ಸಹಕಾರ ಸಂಘದ ವರದಿ. ಇವು ಹೋದರೆ ಇನ್ನೊಂದು ಪ್ರತಿ ಎಲ್ಲೂ ಸಿಗುವುದಿಲ್ಲ. ಪ್ರಕಾಶಕರಿಗೆ ಇವು ನೆನಪಿರುವುದಿಲ್ಲ, ದೊಡ್ಡ ಲೈಬ್ರರಿಗಳಿಗೆ ಇವು ತಲುಪಿಯೇ ಇರುವುದಿಲ್ಲ.

ಓಲೆಗರಿಗೆ ಈ ವಿಧಾನ ಅಲ್ಲ. ಕಡತಕ್ಕಂತೂ ಅಲ್ಲವೇ ಅಲ್ಲ. ಕಡತ ಅಂದರೆ ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಬಳಪದಲ್ಲಿ ಬರೆದದ್ದು. ಒದ್ದೆ ಮಾಡಿದರೆ ಸರಿಯೂ ಹೋಗುತ್ತದೆ, ಬರಹವೂ ಹೋಗುತ್ತದೆ. ಫೋಟೋ, ಮಿರುಗುವ ಆರ್ಟ್ ಪೇಪರ್ ಕೂಡ ಪಕ್ಕಕ್ಕಿಡಿ. ಆರ್ಟ್ ಪೇಪರ್ ಒದ್ದೆಯಾಗಿ ಒಣಗಿದರೆ ಪುಟಗಳು ಇಟ್ಟಿಗೆಯ ಹಾಗೆ ಅಂಟಿಕೊಳ್ಳುತ್ತವೆ.

ಹಂತ 2: ಮಡಿಸಿ ನೋಡುವುದು

ಅಚ್ಚಿಲ್ಲದ ಒಂದು ಪುಟದ ಮೂಲೆಯನ್ನು ಮುಂದಕ್ಕೆ ಮಡಿಸಿ, ಹಿಂದಕ್ಕೆ ಮಡಿಸಿ. ಅದು ಒಂದು ಜೋಡಿ ಮಡಿಕೆ. ಮೆಲ್ಲಗೆ ಎಳೆದು ನೋಡಿ. ನಾಲ್ಕು ಜೋಡಿ ಮಡಿಕೆಗೆ ಮೊದಲೇ ಮೂಲೆ ಕೈಗೆ ಬಂದರೆ ಆ ಪುಸ್ತಕವನ್ನು ನೀರಿಗೆ ಹಾಕಬೇಡಿ. ಅದಕ್ಕೆ ಸ್ಕ್ಯಾನ್ ಮಾಡಿ, ಡಬ್ಬಿಯಲ್ಲಿಟ್ಟು, ತಿಳಿದವರಿಗೆ ಒಪ್ಪಿಸುವುದೇ ಸರಿ. ನಾಲ್ಕು ದಾಟಿತು ಅಂದರೆ ಮುಂದಿನ ಹಂತಕ್ಕೆ ಹೋಗಬಹುದು. ಒಂದು ಪುಸ್ತಕಕ್ಕೆ ಒಂದೇ ಮೂಲೆ ಸಾಕು, ಪ್ರತಿ ಪುಟದಲ್ಲೂ ಮಡಿಸಬೇಡಿ.

ಹಂತ 3: ಹುಳಿ ಅಳೆಯುವುದು

ಪುಟದ ಕೆಳಗೆ ಪ್ಲಾಸ್ಟಿಕ್ ಹಾಳೆ ಇಡಿ. ಅಚ್ಚಿಲ್ಲದ ಜಾಗದಲ್ಲಿ ಡಿಸ್ಟಿಲ್ಡ್ ವಾಟರ್ ಒಂದು ಹನಿ ಬಿಡಿ. ಅದರ ಮೇಲೆ ಪಿಎಚ್ ಪಟ್ಟಿ ಇಟ್ಟು, ಇನ್ನೊಂದು ಪ್ಲಾಸ್ಟಿಕ್ ಹಾಳೆ ಮುಚ್ಚಿ, ಸಣ್ಣ ಭಾರ ಇಡಿ. ಐದು ನಿಮಿಷ ಬಿಟ್ಟು ಬಣ್ಣ ಹೋಲಿಸಿ. ಬಣ್ಣ ಬಿಡದ ಜಾತಿಯ ಪಟ್ಟಿಯನ್ನೇ ಕೇಳಿ ತನ್ನಿ. ಪುಟದ ಅಂಚಿನಲ್ಲೂ ನಡುವಿನಲ್ಲೂ ಅಳೆಯಿರಿ, ಅಂಚು ಹೆಚ್ಚು ಹುಳಿ ಇರುತ್ತದೆ. 5ಕ್ಕಿಂತ ಕಡಿಮೆ ಬಂದರೆ ತಡ ಮಾಡಬೇಡಿ. 7ರ ಮೇಲಿದ್ದರೆ ಆ ಪುಸ್ತಕಕ್ಕೆ ಈ ಕೆಲಸವೇ ಬೇಡ.

ಪಿಎಚ್ ಪೆನ್ ಕೂಡ ಸಿಗುತ್ತದೆ. ಗೀಟು ಎಳೆದರೆ ನೇರಳೆ ಬಂದರೆ ಹುಳಿಯಿಲ್ಲ, ಹಳದಿ ಉಳಿದರೆ ಹುಳಿಯಿದೆ. ಆದರೆ ಆ ಗೀಟು ಅಳಿಸಿ ಹೋಗುವುದಿಲ್ಲ. ಹೊಸ ಕಾಗದ, ರಟ್ಟು ಕೊಳ್ಳುವಾಗ ಪರೀಕ್ಷಿಸಲು ಅದನ್ನು ಇಟ್ಟುಕೊಳ್ಳಿ.

ಹಂತ 4: ಶಾಯಿ ನಿಲ್ಲುತ್ತದೆಯಾ?

ಈ ಹಂತಕ್ಕೆ ಬೇಕಾದಷ್ಟು ಸಮಯ ಕೊಡಿ. ಇಲ್ಲಿ ಅವಸರ ಮಾಡಿದವರೇ ಆಮೇಲೆ ಅಳುವುದು.

ಪುಸ್ತಕದಲ್ಲಿ ಎಷ್ಟು ಬಗೆಯ ಬಣ್ಣ ಇದೆಯೋ ಅಷ್ಟನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಅಕ್ಷರದ ಒಂದು ಮೂಲೆಯ ಮೇಲೆ ಒಂದು ಹನಿ ನೀರು. ಒಂದು ನಿಮಿಷ ಬಿಟ್ಟು ಬ್ಲಾಟಿಂಗ್ ಪೇಪರ್ ಒತ್ತಿ. ಬಣ್ಣ ಹತ್ತಿದರೆ ಮುಗಿಯಿತು, ಆ ಪುಟಕ್ಕೆ ನೀರಿಲ್ಲ. ಹತ್ತದಿದ್ದರೆ ಅದೇ ಪರೀಕ್ಷೆಯನ್ನು ಸುಣ್ಣದ ತಿಳಿಯಲ್ಲಿ (ಅದನ್ನು ಮಾಡುವ ಬಗೆ ಹಂತ 6ರಲ್ಲಿದೆ) ಮತ್ತೊಮ್ಮೆ ಮಾಡಿ. ನೀರಿಗೆ ನಿಂತ ಬಣ್ಣ ಸುಣ್ಣಕ್ಕೆ ಓಡುವುದುಂಟು, ಬದಲಾಗುವುದೂ ಉಂಟು.

ಅಚ್ಚಿನ ಕಪ್ಪು ಶಾಯಿ ಕಾಡಿಗೆ ಮತ್ತು ಎಣ್ಣೆಯದು, ಸಾಮಾನ್ಯವಾಗಿ ನಿಲ್ಲುತ್ತದೆ. ತೊಂದರೆ ಕೊಡುವುದು ಬೇರೆ. ಲೈಬ್ರರಿಯ ನೇರಳೆ ಮೊಹರು ಮೊದಲನೆಯದು. ಶೀರ್ಷಿಕೆ ಪುಟದಲ್ಲಿ ಒಂದು, ಒಳಗೆ ಎಲ್ಲ ಪುಸ್ತಕಕ್ಕೂ ಒಂದೇ ನಂಬರಿನ ಪುಟದಲ್ಲಿ ಇನ್ನೊಂದು ಇರುತ್ತದೆ. ಒಳಗಿನದನ್ನು ಮರೆತು ನಾನೇ ಒಮ್ಮೆ ಇಡೀ ಟ್ರೇ ನೀರನ್ನು ನೇರಳೆ ಮಾಡಿಕೊಂಡೆ. ಆ ಹತ್ತು ಹಾಳೆ ಇವತ್ತಿಗೂ ತಿಳಿನೇರಳೆಯಾಗೇ ಇವೆ. ಫೌಂಟನ್ ಪೆನ್ನಿನ ನೀಲಿ, ಒದ್ದೆಯಾದರೆ ನೇರಳೆಯಾಗುವ ಕಾಪಿಯಿಂಗ್ ಪೆನ್ಸಿಲ್, ರೆವಿನ್ಯೂ ಸ್ಟಾಂಪು, ನಾಟಕದ ಹ್ಯಾಂಡ್‌ಬಿಲ್ಲಿನ ಬಣ್ಣದ ಕಾಗದ, ಇವೆಲ್ಲ ಓಡುವ ಜಾತಿ.

ಮಂಡಿ ಲೆಕ್ಕದ ಪುಸ್ತಕ ಇರುವವರು ಗಮನಿಸಿ. ಮೊದಲ ಪುಟದಲ್ಲಿ ಶ್ರೀಕಾರ ಬರೆದು ಅರಿಶಿನ ಕುಂಕುಮ ಹಚ್ಚಿರುತ್ತಾರೆ. ಅರಿಶಿನಕ್ಕೆ ಸುಣ್ಣ ಸೋಕಿದರೆ ಕೆಂಪಾಗುತ್ತದೆ, ಓಕುಳಿ ಮಾಡುವುದೇ ಹಾಗೆ ಅಲ್ವಾ? ಆ ಪುಟವನ್ನು ಸುಣ್ಣದ ನೀರಿಗೆ ಹಾಕಿದರೆ ರಕ್ತದ ಬಣ್ಣದ ಕಲೆ ಎದ್ದು ನಿಲ್ಲುತ್ತದೆ. ಹುಳ ಬರದಿರಲಿ ಅಂತ ಪುಟಗಳ ನಡುವೆ ಅರಿಶಿನ ಪುಡಿ ಹಾಕಿದ ಪುಸ್ತಕಕ್ಕೂ ಇದೇ ಮಾತು.

ಕೈಬರಹದ ಹಳೇ ದಾಖಲೆಯ ಶಾಯಿ ಕಂದುಗಪ್ಪಾಗಿದ್ದು, ಅಕ್ಷರದ ಸುತ್ತ ಕಾಗದ ಸುಟ್ಟ ಹಾಗೆ ಕಂಡರೆ, ಅದು ಅಳಲೆಕಾಯಿ ಮತ್ತು ಅನ್ನಭೇದಿಯಿಂದ ಮಾಡಿದ ಕಬ್ಬಿಣದ ಶಾಯಿ ಇರಬಹುದು. ಅದನ್ನು ಒದ್ದೆ ಮಾಡಲೇಬೇಡಿ. ಕಬ್ಬಿಣ ನೀರಿನ ಜೊತೆ ಹರಿದು ಪುಟಕ್ಕೆಲ್ಲ ಹಬ್ಬುತ್ತದೆ. ಅದಕ್ಕೆ ಕ್ಯಾಲ್ಸಿಯಂ ಫೈಟೇಟ್ ಅನ್ನುವ ಬೇರೆ ಚಿಕಿತ್ಸೆ ಇದೆ. ತರಬೇತಿ ಇಲ್ಲದವರು ಮಾಡುವ ಕೆಲಸ ಅಲ್ಲ ಅದು.

ಹಂತ 5: ಸ್ಕ್ಯಾನ್, ನಂಬರು, ಬಿಚ್ಚುವುದು

ನೀರು ಮುಟ್ಟಿಸುವ ಮೊದಲು ಪ್ರತಿ ಪುಟದ ಫೋಟೋ ತೆಗೆದುಕೊಳ್ಳಿ. ಒಳ್ಳೆಯ ಮೊಬೈಲ್ ಕ್ಯಾಮೆರಾ, ಕಿಟಕಿಯ ಬೆಳಕು ಸಾಕು. ಕೆಲಸ ಕೆಟ್ಟರೂ ವಿಷಯ ಉಳಿಯುತ್ತದೆ. ಮೆತ್ತನೆ ಪೆನ್ಸಿಲ್ಲಿನಲ್ಲಿ ಹಾಳೆಗೆ ನಂಬರು ಹಾಕಿ, ಅಚ್ಚಿನ ಪುಟಸಂಖ್ಯೆ ನಂಬಿಕೊಳ್ಳಬೇಡಿ. ಬ್ರಷ್‌ನಿಂದ ಧೂಳು ತೆಗೆಯಿರಿ. ಧೂಳಿದ್ದ ಕಾಗದ ಒದ್ದೆಯಾದರೆ ಕೊಳೆ ನಾರಿನೊಳಗೆ ಇಳಿದು ಕೂರುತ್ತದೆ.

ಪುಸ್ತಕದ ಹೊಲಿಗೆ ಬಿಚ್ಚುವಾಗ ಫಾರಂ ಫಾರಂ ಆಗಿ ಬಿಡಿಸಿ. ಫಾರಂ ಅಂದರೆ ಒಂದು ದೊಡ್ಡ ಹಾಳೆ ಮಡಿಸಿದಾಗ ಬರುವ ಪುಟಗಳ ಕಟ್ಟು, ಎಂಟೋ ಹದಿನಾರೋ ಪುಟ ಇರುತ್ತದೆ. ದಾರವನ್ನು ಫಾರಂ ನಡುವಿನಲ್ಲಿ ಕತ್ತರಿಸಿ, ಎಳೆಯಬೇಡಿ. ಪಿನ್ ಹೊಡೆದ ಪುಸ್ತಕವಾದರೆ ತುಕ್ಕಿನ ಪಿನ್ ಒಂದೂ ಬಿಡದೆ ತೆಗೆಯಬೇಕು.

ಹಂತ 6: ಸುಣ್ಣದ ತಿಳಿ, ಬೈಕಾರ್ಬೊನೇಟ್

ಮೊದಲನೆಯದು ಸುಣ್ಣದ ತಿಳಿ. ಒಂದು ಲೀಟರ್ ಡಿಸ್ಟಿಲ್ಡ್ ವಾಟರಿಗೆ 3 ಗ್ರಾಂ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹಾಕಿ. ಬಾಟಲಿ ಕುತ್ತಿಗೆಯ ತನಕ ತುಂಬಿರಲಿ, ಗಾಳಿಗೆ ಜಾಗ ಬಿಡಬೇಡಿ. ಚೆನ್ನಾಗಿ ಕುಲುಕಿ ಒಂದು ರಾತ್ರಿ ಬಿಡಿ. ಲೀಟರಿಗೆ ಕರಗುವುದು ಸುಮಾರು 1.7 ಗ್ರಾಂ ಮಾತ್ರ, ಉಳಿದದ್ದು ತಳದಲ್ಲಿ ಕೂರುತ್ತದೆ. ಬಿಸಿ ನೀರಿನಲ್ಲಿ ಇನ್ನೂ ಕಡಿಮೆ ಕರಗುತ್ತದೆ, ಕಾಯಿಸಲು ಹೋಗಬೇಡಿ. ಬೆಳಿಗ್ಗೆ ಮೇಲಿನ ತಿಳಿಯನ್ನು ಅಲ್ಲಾಡಿಸದೆ ಬಸಿದು, ಅಷ್ಟೇ ಡಿಸ್ಟಿಲ್ಡ್ ವಾಟರ್ ಬೆರೆಸಿ. ಪೂರ್ತಿ ಗಟ್ಟಿ ತಿಳಿಯನ್ನೇ ಬಳಸಿ ಅನ್ನುವವರೂ ಇದ್ದಾರೆ. ಆದರೆ ನಮ್ಮ ಹಳೇ ಪುಸ್ತಕಗಳ ಕಾಗದ ಬಡವಾದ್ದು, ಅದಕ್ಕೆ ಅರ್ಧ ಬಲವೇ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಎರಡನೆಯದು ಕ್ಯಾಲ್ಸಿಯಂ ಬೈಕಾರ್ಬೊನೇಟ್. ಇದು ಪುಡಿಯಾಗಿ ಅಂಗಡಿಯಲ್ಲಿ ಸಿಗುವುದಿಲ್ಲ, ಅವತ್ತಿನದನ್ನು ಅವತ್ತೇ ಮಾಡಿಕೊಳ್ಳಬೇಕು. ಒಂದು ಲೀಟರ್ ತಣ್ಣೀರಿಗೆ 2 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಕಲಕಿ, ಅದರೊಳಗೆ ಕಾರ್ಬನ್ ಡೈಆಕ್ಸೈಡ್ ಗ್ಯಾಸನ್ನು ಅರ್ಧ ಗಂಟೆ ಗುಳುಗುಳು ಬಿಡಬೇಕು. ಗ್ಯಾಸ್ ಎಲ್ಲಿಂದ ತರೋದು ಅಂತ ಹೆದರಬೇಡಿ. ಗೋಲಿ ಸೋಡಾ ಮಾಡುವವರ ಹತ್ತಿರ ಇರುವ ಸಿಲಿಂಡರಿನಲ್ಲಿ ಅದೇ ಗ್ಯಾಸ್ ಇದೆ. ರೆಗ್ಯುಲೇಟರ್ ಹಾಕಿ, ಅವರಿಂದಲೇ ಬಿಡಿಸಿಕೊಳ್ಳಿ. ಕಿಟಕಿ ಬಾಗಿಲು ತೆರೆದಿರಲಿ, ಮುಚ್ಚಿದ ಕೋಣೆಯಲ್ಲಿ ಆ ಗ್ಯಾಸ್ ಉಸಿರು ಕಟ್ಟಿಸುತ್ತದೆ. ಹಾಲಿನ ಹಾಗಿದ್ದ ನೀರು ತಿಳಿಯಾಗುತ್ತಾ ಬರುತ್ತದೆ. ಕರಗದ್ದು ತಳ ಸೇರಿದ ಮೇಲೆ ಬಸಿದುಕೊಳ್ಳಿ. ಇಟ್ಟರೆ ಗ್ಯಾಸ್ ಹೋಗಿ ಸುಣ್ಣ ಮತ್ತೆ ಪುಡಿಯಾಗಿ ಬೀಳುತ್ತದೆ, ನಾಳೆಗೆ ಉಪಯೋಗ ಇಲ್ಲ.

ಹಂತ 7: ಮೂರು ಟ್ರೇ

ಒದ್ದೆಯಾದ ಕಾಗದ ಆಗಷ್ಟೇ ಒತ್ತಿದ ಹಸಿ ಹಪ್ಪಳ ಇದ್ದ ಹಾಗೆ. ಬರಿಗೈಯಲ್ಲಿ ಎತ್ತಿದರೆ ಹರಿಯುತ್ತದೆ. ಪ್ರತಿ ಹಾಳೆಯ ಕೆಳಗೊಂದು ಮೇಲೊಂದು ಪಾಲಿಯೆಸ್ಟರ್ ಬಟ್ಟೆ ಇರಬೇಕು. ಎತ್ತುವಾಗ ಬಟ್ಟೆ ಹಿಡಿದು ಎತ್ತಿ. ಒಂದು ಸಲಕ್ಕೆ ಎಂಟು ಹತ್ತು ಹಾಳೆ ಸಾಕು.

ಮೊದಲ ಟ್ರೇಯಲ್ಲಿ ತೊಳೆಯುವ ನೀರು. ಬರೀ ಡಿಸ್ಟಿಲ್ಡ್ ವಾಟರ್ ಕಾಗದದಲ್ಲಿ ಇದ್ದಬದ್ದ ಕ್ಯಾಲ್ಸಿಯಮ್ಮನ್ನೂ ಎಳೆದುಕೊಳ್ಳುತ್ತದೆ. ಅದಕ್ಕೆ ಲೀಟರಿಗೆ ಒಂದೆರಡು ಚಮಚ ಸುಣ್ಣದ ತಿಳಿ ಬೆರೆಸಿ. 20 ನಿಮಿಷ ಬಿಡಿ. ನೀರು ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಗಾಬರಿ ಬೇಡ, ಶಾಯಿ ಹೋಗುತ್ತಿಲ್ಲ. ಕಾಗದ ಕೊಳೆತು ಹುಟ್ಟಿದ ಹುಳಿ ಹೊರಗೆ ಬರುತ್ತಿದೆ. ಬಣ್ಣ ಬರುವುದು ಕಡಿಮೆಯಾಗುವ ತನಕ ನೀರು ಬದಲಿಸಿ, ಎರಡು ಮೂರು ಸಲ. ಈ ತೊಳೆಯುವ ಕೆಲಸವನ್ನು ಎಲ್ಲರೂ ಹಗುರವಾಗಿ ನೋಡುತ್ತಾರೆ. ನಿಜವಾಗಿ ಅರ್ಧ ಚಿಕಿತ್ಸೆ ಇದರಲ್ಲೇ ಇದೆ.

ಎರಡನೇ ಟ್ರೇಯಲ್ಲಿ ಸುಣ್ಣದ ತಿಳಿ, 20 ನಿಮಿಷ. ಇದು ಹುಳಿಯನ್ನು ತಿನ್ನುತ್ತದೆ. ಬಣ್ಣ ಕೆಟ್ಟರೆ ತಿಳಿ ಬದಲಿಸಿ. ಆಮೇಲೆ ನೀರಿನಲ್ಲಿ ಒಮ್ಮೆ ಅದ್ದಿ.

ಮೂರನೇ ಟ್ರೇಯಲ್ಲಿ ಬೈಕಾರ್ಬೊನೇಟ್, 20 ನಿಮಿಷ. ಉಳಿದ ಗಟ್ಟಿ ಸುಣ್ಣವನ್ನು ಇದು ಮೃದುವಾದ ಕ್ಯಾಲ್ಸಿಯಂ ಕಾರ್ಬೊನೇಟ್ ಮಾಡಿ ನಾರಿನ ನಡುವೆ ಕೂರಿಸುತ್ತದೆ. ಮೊದಲು ಹೇಳಿದ ಮೀಸಲು ಇದೇ.

ನ್ಯೂಸ್‌ಪ್ರಿಂಟ್, ಅಂದರೆ ಹಳೇ ಪತ್ರಿಕೆ ಮತ್ತು ಕರಪತ್ರಕ್ಕೆ ಎರಡನೇ ಟ್ರೇ ಬಿಟ್ಟುಬಿಡಿ. ಲಿಗ್ನಿನ್ ಇರುವ ಕಾಗದ ಗಟ್ಟಿ ಕ್ಷಾರಕ್ಕೆ ಇನ್ನಷ್ಟು ಕಂದಾಗುತ್ತದೆ. ತೊಳೆದು, ನೇರ ಮೂರನೇ ಟ್ರೇಗೆ ಹಾಕಿ.

ಹಂತ 8: ಒಣಗಿಸುವುದು

ಬಿಸಿಲು ಬೇಡ, ಫ್ಯಾನಿನ ನೇರ ಗಾಳಿ ಬೇಡ, ಇಸ್ತ್ರಿಯಂತೂ ಬೇಡವೇ ಬೇಡ. ಶಿಡ್ಲಘಟ್ಟ, ಚಿಂತಾಮಣಿ ಕಡೆಯವರಿಗೆ ಒಂದು ಅನುಕೂಲ ಇದೆ. ರೇಷ್ಮೆ ಹುಳು ಸಾಕುವ ಮನೆಯ ಸ್ಟ್ಯಾಂಡಿನ ಮೇಲೆ ನೈಲಾನ್ ಬಲೆ ಬಿಗಿದರೆ ಒಂದೇ ಜಾಗದಲ್ಲಿ ಹತ್ತು ಅಂತಸ್ತು ಹಾಳೆ ಒಣಗಿಸಬಹುದು. ಆದರೆ ಆ ಮನೆಗಳಲ್ಲಿ ರೋಗ ಬರದಿರಲಿ ಅಂತ ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಬಳಸಿರುತ್ತಾರೆ. ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಕಾಗದವನ್ನು ತಿನ್ನುತ್ತದೆ. ಬಲೆ ಹೊಸದಿರಲಿ, ಸ್ಟ್ಯಾಂಡನ್ನು ಚೆನ್ನಾಗಿ ತೊಳೆದು ಒಣಗಿಸಿ. ಕಬ್ಬಿಣದ ಸ್ಟ್ಯಾಂಡಾದರೆ ತುಕ್ಕು ಕಾಗದಕ್ಕೆ ಸೋಕಬಾರದು.

ಹಾಳೆ ಪೂರ್ತಿ ಒಣಗುವ ಮೊದಲು, ಇನ್ನೂ ತಣ್ಣಗಿರುವಾಗಲೇ, ಬ್ಲಾಟಿಂಗ್ ಪೇಪರಿನ ನಡುವೆ ಇಟ್ಟು ಹಲಗೆ ಮತ್ತು ಭಾರ ಹೇರಿ. ದಿನಕ್ಕೆ ಎರಡು ಸಲ ಬ್ಲಾಟಿಂಗ್ ಬದಲಿಸಿ. ಬ್ಲಾಟಿಂಗ್ ಸಿಗದಿದ್ದರೆ ಒಗೆದು ಮೆತ್ತಗಾದ ಹಳೇ ಬಿಳಿ ಪಂಚೆ ಆದೀತು. ದಿನಪತ್ರಿಕೆ ಬಳಸಬೇಡಿ. ಅದರ ಶಾಯಿ ಹತ್ತುತ್ತದೆ, ಅದರ ಹುಳಿಯೂ ಹತ್ತುತ್ತದೆ.

ನಮ್ಮ ಕಡೆ ಸಂಕ್ರಾಂತಿಯಿಂದ ಶಿವರಾತ್ರಿ ತನಕ ಈ ಕೆಲಸಕ್ಕೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಏಪ್ರಿಲ್‌ನಲ್ಲಿ ಹಾಳೆ ಬೇಗ ಒಣಗಿ ಸುರುಳಿ ಸುತ್ತುತ್ತದೆ.

ಹಂತ 9: ಮತ್ತೆ ಅಳತೆ, ಮತ್ತೆ ಹೊಲಿಗೆ

ಎರಡು ಮೂರು ದಿನ ಬಿಟ್ಟು ಮತ್ತೆ ಪಿಎಚ್ ನೋಡಿ. 7.5ರಿಂದ 9ರ ನಡುವೆ ಬಂದರೆ ಕೆಲಸ ಸರಿಯಾಗಿದೆ. 10 ದಾಟಿದ್ದರೆ ಗಟ್ಟಿ ಸುಣ್ಣ ಉಳಿದಿದೆ, ಮೂರನೇ ಟ್ರೇ ಮತ್ತೊಮ್ಮೆ ಮಾಡಿ. ಪುಟದ ಮೇಲೆ ಬಿಳಿ ಪುಡಿ ಕೈಗೆ ಹತ್ತಿದರೆ ತಿಳಿ ಸರಿಯಾಗಿ ಬಸಿದಿಲ್ಲ ಅಂತ ಅರ್ಥ. ಮೃದು ಬ್ರಷ್‌ನಿಂದ ತೆಗೆಯಿರಿ.

ತೊಳೆದಾಗ ಸೈಜಿಂಗ್ ಸ್ವಲ್ಪ ಹೋಗಿ ಹಾಳೆ ಸಪ್ಪೆಯಾಗಿರುತ್ತದೆ. ಶೇ. ಅರ್ಧದಷ್ಟು ಮೀಥೈಲ್ ಸೆಲ್ಯುಲೋಸ್ ಅನ್ನುವ ಅಂಟಿನ ದ್ರಾವಣವನ್ನು, ಅಂದರೆ ಲೀಟರಿಗೆ 5 ಗ್ರಾಂ, ಬ್ರಷ್‌ನಿಂದ ತೆಳ್ಳಗೆ ಬಳಿದರೆ ಮೈ ಬರುತ್ತದೆ.

ಆಮೇಲೆ ಹತ್ತಿ ಅಥವಾ ಲಿನೆನ್ ದಾರದಲ್ಲಿ ಹೊಲಿಸಿ. ಬೈಂಡರ್ ಹತ್ತಿರ ಹೋದಾಗ ಒಂದು ಮಾತು ಕೇಳಿ: ಅಂಟಿಗೆ ಮೈಲುತುತ್ತ ಹಾಕುತ್ತೀರಾ ಅಂತ. ಹುಳ ಬರದಿರಲಿ ಅಂತ ಮೈದಾ ಅಂಟಿಗೆ ತುತ್ತ ಹಾಕುವ ರೂಢಿ ಇದೆ. ತುತ್ತದ ತಾಮ್ರ ಕಾಗದವನ್ನು ಬೇಗ ಕೆಡಿಸುತ್ತದೆ. ನೀವು ಮೂರು ದಿನ ಪಟ್ಟ ಕಷ್ಟ ಆ ಅಂಟಿನಲ್ಲಿ ಹೋಗುತ್ತದೆ. ಬರೀ ಗೋಧಿ ಹಿಟ್ಟಿನ ಪಿಷ್ಟದ ಅಂಟು ಸಾಕು.

ಜೆರಾಕ್ಸ್ ಅಂಗಡಿಯ ಪ್ಲಾಸ್ಟಿಕ್ ಲ್ಯಾಮಿನೇಷನ್ ಮಾಡಿಸಬೇಡಿ, ದಯವಿಟ್ಟು. ಅದು ಬಿಸಿ ಕೊಟ್ಟು, ಹುಳಿಯನ್ನು ಒಳಗೇ ಮುಚ್ಚಿ ಹಾಕುತ್ತದೆ. ಒಳಗೆ ಕಾಗದ ಕಂದಾಗಿ ಪುಡಿಯಾಗುವುದನ್ನು ಪ್ಲಾಸ್ಟಿಕ್ಕಿನ ಹೊರಗಿಂದ ನೋಡುತ್ತಾ ಕೂರಬೇಕಾಗುತ್ತದೆ. ಬಿಚ್ಚಲೂ ಆಗುವುದಿಲ್ಲ. ಸೆಲ್ಲೊಟೇಪೂ ಅಷ್ಟೇ.

ಬಿಚ್ಚಲಾಗದ ಪುಸ್ತಕ, ಬೇರೆ ರಾಸಾಯನಿಕಗಳು

ಶಾಯಿ ಓಡುವ, ಹೊಲಿಗೆ ಬಿಚ್ಚಬಾರದ ಪುಸ್ತಕಗಳಿಗೆ ನೀರಿಲ್ಲದ ವಿಧಾನಗಳಿವೆ. ಬುಕ್‌ಕೀಪರ್ ಅನ್ನುವುದರಲ್ಲಿ ಮೆಗ್ನೀಷಿಯಂ ಆಕ್ಸೈಡಿನ ಅತಿ ಸಣ್ಣ ಕಣಗಳನ್ನು ಶಾಯಿಗೆ ತೊಂದರೆ ಕೊಡದ ದ್ರವದಲ್ಲಿ ತೇಲಿಸಿ ಪುಟಕ್ಕೆ ಸ್ಪ್ರೇ ಮಾಡುತ್ತಾರೆ, ಇಲ್ಲವೆ ಪುಸ್ತಕವನ್ನೇ ಅದರಲ್ಲಿ ಅದ್ದುತ್ತಾರೆ. ದ್ರವ ಆರಿಹೋಗಿ ಕಣ ಉಳಿಯುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1990ರ ದಶಕದಿಂದ ಲಕ್ಷಗಟ್ಟಲೆ ಪುಸ್ತಕಕ್ಕೆ ಈ ವಿಧಾನ ಬಳಸಿತು. ಒಳ್ಳೆಯ ವಿಧಾನ, ಆದರೆ ಹೊರದೇಶದ ಮಾಲು, ದುಬಾರಿ. ಅದಕ್ಕೂ ಮೊದಲು ಅವರು ಡೈಈಥೈಲ್ ಜಿಂಕ್ ಗ್ಯಾಸ್ ಪ್ರಯತ್ನಿಸಿದ್ದರು. ಗಾಳಿ ಸೋಕಿದರೆ ಹೊತ್ತಿಕೊಳ್ಳುವ ವಸ್ತು ಅದು. 1985-86ರಲ್ಲಿ ನಾಸಾದ ಗೊಡಾರ್ಡ್ ಕೇಂದ್ರದ ಪ್ರಯೋಗ ಘಟಕದಲ್ಲೇ ಅವಘಡ ಆಗಿ ಬೆಂಕಿ ಹತ್ತಿತು.

ನಮ್ಮ ದೇಶದ ದಾಖಲೆ ಭಂಡಾರಗಳಲ್ಲಿ ಬೇರಿಯಂ ಹೈಡ್ರಾಕ್ಸೈಡನ್ನು ಮೆಥನಾಲಿನಲ್ಲಿ ಕರಗಿಸಿ ಬಳಸುವ ಕ್ರಮ ಇದೆ. ಬೇರಿಯಂ ವಿಷ, ಮೆಥನಾಲ್ ವಿಷವೂ ಹೌದು, ಬೆಂಕಿಯೂ ಹೌದು. ಹೊಗೆ ಎಳೆಯುವ ವ್ಯವಸ್ಥೆ ಇರುವ ಲ್ಯಾಬಿನ ಹೊರಗೆ ಅದನ್ನು ಮುಟ್ಟಬೇಡಿ. ಅಮೋನಿಯಾ ಹಬೆ ಕೊಡುವುದೂ ರೂಢಿಯಲ್ಲಿದೆ. ಅದು ಸುಲಭ, ಆದರೆ ಮೀಸಲು ಉಳಿಸುವುದಿಲ್ಲ. ಹಬೆ ಆರಿದ ಮೇಲೆ ಹುಳಿ ಮತ್ತೆ ಏರುತ್ತದೆ.

ಇಂಥ ಪುಸ್ತಕಕ್ಕೆ ನೀವು ಮನೆಯಲ್ಲೇ ಮಾಡಬಹುದಾದ್ದು ಒಂದಿದೆ. ಕ್ಷಾರದ ಮೀಸಲು ಇರುವ ತೆಳು ಕಾಗದವನ್ನು ಹತ್ತು ಪುಟಕ್ಕೊಂದರಂತೆ ನಡುವೆ ಇಡಿ. ತೀರಾ ಜಾಸ್ತಿ ಇಟ್ಟರೆ ಬೆನ್ನು ಒಡೆಯುತ್ತದೆ. ಹುಳಿಯಿಲ್ಲದ ರಟ್ಟಿನ ಡಬ್ಬಿಯಲ್ಲಿ ಹಾಕಿ, ಹೊರಗಿನ ಗೋಡೆಗೆ ತಾಗದಂತೆ, ಅಟ್ಟದಿಂದ ಇಳಿಸಿ ಇಡಿ. ಸುಮ್ನೆ ಜಾಗ ಬದಲಿಸಿದ್ದಕ್ಕೇ ಪುಸ್ತಕದ ಆಯಸ್ಸು ಬೆಳೆಯುತ್ತದೆ.

ಕೈ ಮೀರಿದ್ದನ್ನು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿರುವ ಇಂಟ್ಯಾಕ್ ಸಂರಕ್ಷಣಾ ಕೇಂದ್ರದಲ್ಲಿ ಅಥವಾ ಮೈಸೂರಿನ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯದಲ್ಲಿ ತೋರಿಸಿ ಕೇಳಬಹುದು. ಈ ಕೆಲಸ ಕಲಿಯುವ ಆಸೆ ಇರುವ ಗ್ರಂಥಪಾಲಕರಿಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದವರು ಕಿರು ತರಬೇತಿ ನಡೆಸುತ್ತಾರೆ. ಹೋಗುವಾಗ ಪುಸ್ತಕವನ್ನು ಬಸ್ಸಿನಲ್ಲಿ ಚೀಲಕ್ಕೆ ತುರುಕಿಕೊಂಡು ಹೋಗಬೇಡಿ. ಎರಡು ಗಟ್ಟಿ ರಟ್ಟಿನ ನಡುವೆ ಇಟ್ಟು, ಅಗಲ ಲಾಡಿಯಲ್ಲಿ ಸಡಿಲವಾಗಿ ಕಟ್ಟಿ, ತೊಡೆಯ ಮೇಲೆ ಮಟ್ಟಸವಾಗಿ ಇಟ್ಟುಕೊಳ್ಳಿ. ಉದುರಿದ ಚೂರುಗಳನ್ನು ಎಸೆಯದೆ, ಯಾವ ಪುಟದ್ದು ಅಂತ ಬರೆದ ಲಕೋಟೆಯಲ್ಲಿ ಜೊತೆಗೇ ಒಯ್ಯಿರಿ.